ಕುಂಬಳಬೀಜವಾದ ಅಣ್ಣ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಹಸಿರಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ತೋಟಗಾರ ಬೀರ, ನಾಡಿನ ಬಿತ್ತನೆ ಬೀಜಗಳನ್ನೆಲ್ಲ ಕಾಯುತ್ತಿದ್ದ. ಅವನಿಗೊಬ್ಬಳೇ ತಂಗಿ, ಕೆಂಚಮ್ಮ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅನ್ನ ಬೇಯುವುದರೊಳಗೆ ಹತ್ತು ಸಲ ಮುಚ್ಚಳ ತೆಗೆದು ನೋಡುವವಳು.

ಒಂದು ದಿನ ಶುಷ್ಕಾಂಗನೆಂಬ ಮಾಂತ್ರಿಕ ಬಂದು, ಬೀಜಗಳನ್ನೆಲ್ಲ ತನಗೊಪ್ಪಿಸು ಎಂದ. ನಾಡೆಲ್ಲ ತನ್ನ ಮುಂದೆ ಕೈಯೊಡ್ಡಬೇಕೆಂಬುದು ಅವನ ಆಸೆ. ಬೀರ ಒಲ್ಲೆನೆಂದ. ಮಾಂತ್ರಿಕ ಒಂದು ಹಿಡಿ ಬೂದಿ ಊದಿದ. ಬೀರ ಕುಂಬಳಬೀಜವಾಗಿ ನೆಲಕ್ಕೆ ಬಿದ್ದ.

"ಇದನ್ನ ಬಿತ್ತು," ಎಂದ ಮಾಂತ್ರಿಕ ಕೆಂಚಮ್ಮನಿಗೆ. "ನಾಲ್ಕು ಹುಣ್ಣಿಮೆಯೊಳಗೆ ಕಾಯಿ ಬಲಿತರೆ ನಿನ್ನಣ್ಣ ಬರ್ತಾನೆ, ನನ್ನ ಮಾಯೆ ಮುಗೀತದೆ. ಬಲೀದಿದ್ರೆ ಅಣ್ಣನೂ ಇಲ್ಲ, ಬೀಜಗಳೂ ನನ್ನವು."

ಕೆಂಚಮ್ಮ ಬಿತ್ತಿದಳು. ಬಿತ್ತಿ ಸುಮ್ಮನಿದ್ದಳೇ? ಎಲ್ಲಿ ಬಂತು! ಬೆಳಗಾದರೆ ಮಣ್ಣು ಕೆದಕುವುದು, ಅಣ್ಣ ಎಷ್ಟು ಬೆಳೆದ ಎಂದು ನೋಡುವುದು, ಮತ್ತೆ ಮುಚ್ಚುವುದು. ಮೊಳಕೆ ಸೊರಗಿತು. ಆಗ ಎರೆಹುಳುವೊಂದು ಮಣ್ಣಿನಿಂದ ತಲೆಯೆತ್ತಿ ಹೇಳಿತು: "ಬೇರಿನ ತುದೀಲಿ ಕೂದಲಿಗಿಂತ ಸಣ್ಣ ಎಳೆ ಇರ್ತಾವೆ ತಾಯಿ. ನೀರು, ಮಣ್ಣಿನ ಸಾರ ಎಲ್ಲ ಅವೇ ಕುಡಿಯೋದು. ನೀನು ದಿನಾ ಅವನ್ನೇ ಹರೀತಿದ್ದೀಯ."

ಕೆಂಚಮ್ಮನಿಗೆ ಅಳು ಬಂತು. ಮಣ್ಣು ಮುಚ್ಚಿ ನೀರೆರೆದು, ಏಳು ದಿನ ಬೇಲಿಯ ಸುತ್ತ ತಿರುಗಿದಳೇ ಹೊರತು ಬೇರು ಮುಟ್ಟಲಿಲ್ಲ. ಬಳ್ಳಿ ಹಬ್ಬಿತು, ಮೊರದಗಲದ ಎಲೆ ಬಿಟ್ಟಿತು.

ಮಾಂತ್ರಿಕ ಒಂದು ಕರಿಹಾವನ್ನು ಕಳಿಸಿದ. ಅದು ಬಳ್ಳಿಯ ಬುಡಕ್ಕೆ ಸುತ್ತಿಕೊಂಡು ದಿನಕ್ಕಿಷ್ಟು ಬಿಗಿಯತೊಡಗಿತು. ಬೇರಿನ ನೀರು ಮೇಲಕ್ಕೇರದು, ಎಲೆಗಳು ಬಿಸಿಲಲ್ಲಿ ಮಾಡಿದ ಅಡುಗೆ ಬೇರಿಗಿಳಿಯದು. ಹೊಡೆದರೆ ಬಳ್ಳಿಯೇ ಜಜ್ಜಿಹೋಗುತ್ತದೆ. ಕೆಂಚಮ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಿರುಗಿ ತಿರುಗಿ ಕೊನೆಗೆ, ಬುಡ ಕೊಳೆತಾಗ ಕುಂಬಳ ಬೆಳೆಯುವವರು ಮಾಡುವ ಕೆಲಸ ನೆನಪಾಯಿತು. ಹಾವಿನಿಂದಾಚೆ ಬಳ್ಳಿಯನ್ನು ನೆಲಕ್ಕೊರಗಿಸಿ, ಮೂರು ಕಡೆ ಎಲೆ ಚಿಗುರುವ ಗಿಣ್ಣಿನ ಮೇಲೆ ಮಣ್ಣು ಹಾಕಿ ಒದ್ದೆ ಮಾಡಿದಳು. ಕೆದಕಿ ನೋಡಲು ಕೈ ತುರಿಸಿತು, ನೋಡಲಿಲ್ಲ. ಹತ್ತು ದಿನದಲ್ಲಿ ಗಿಣ್ಣುಗಳಿಂದ ಹೊಸ ಬೇರು ಇಳಿಯಿತು. ಒಣಗಿದ ತುಂಡೊಂದನ್ನು ತಬ್ಬಿಕೊಂಡಿದ್ದ ಹಾವು ನಾಚಿಕೊಂಡು ಹೊರಟುಹೋಯಿತು.

ಹೂಗಳು ಬಂದವು. ಮಾಂತ್ರಿಕನೇ ಮುದುಕಿಯ ವೇಷದಲ್ಲಿ ಬಂದು, ಬುಡದಲ್ಲಿ ಹೀಚಿಲ್ಲದ ಹೂಗಳು ದಂಡಪಿಂಡಗಳು, ಸುಮ್ಮನೆ ಸಾರ ಹೀರುತ್ತವೆ, ಕಿತ್ತು ಪಲ್ಯ ಮಾಡು ಎಂದ. ಮಾಡಲೊಂದು ಕೆಲಸ ಸಿಕ್ಕಿತಲ್ಲ ಎಂದು ಕೆಂಚಮ್ಮ ದಿನವೂ ಕಿತ್ತಳು. ಹೀಚುಗಳು ಒಂದೊಂದಾಗಿ ಹಳದಿಯಾಗಿ ಉದುರಿದವು. ಕಿತ್ತದ್ದೆಲ್ಲ ಗಂಡುಹೂ, ಅವುಗಳ ಪರಾಗವಿಲ್ಲದೆ ಹೀಚು ನಿಲ್ಲದು ಎಂದು ತಿಳಿಯುವ ಹೊತ್ತಿಗೆ ಬಳ್ಳಿಯಲ್ಲಿ ಉಳಿದದ್ದು ಒಂದೇ ಹೆಣ್ಣುಮೊಗ್ಗು.

ಮರುದಿನ ಬೆಳಿಗ್ಗೆ ಅದು ಅರಳಿತು. ಅದೃಷ್ಟಕ್ಕೆ ಪಕ್ಕದಲ್ಲೊಂದು ಗಂಡುಹೂವೂ ಅರಳಿತ್ತು. ಆದರೆ ಜೇನುಗಳನ್ನೆಲ್ಲ ಮಾಂತ್ರಿಕ ಮಲಗಿಸಿಬಿಟ್ಟಿದ್ದ. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ. ಕೆಂಚಮ್ಮ ಗಂಡುಹೂ ಕಿತ್ತು ಎಸಳು ಬಿಡಿಸಿದಳು. ಅಷ್ಟರಲ್ಲಿ ಬೇಲಿಯಾಚೆಯಿಂದ ಬೀರನ ದನಿ ಕೇಳಿತು.

"ಕೆಂಚೀ, ನಾನಿಲ್ಲೇ ಇದ್ದೀನಿ. ಬಾರೇ, ಬೇಗ ಬಾ."

ಅವಳ ಕಾಲುಗಳು ತಾವಾಗಿಯೇ ಎದ್ದವು. ಮೂರು ತಿಂಗಳಿಂದ ಕೇಳದ ದನಿ. ಆದರೂ ಮತ್ತೆ ಕೂತಳು. ಹಳದಿ ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರಿದಳು.

"ನಮ್ಮಣ್ಣ ಇರೋದು ಇಲ್ಲಿ," ಎಂದಳು.

ಕಾಯಿ ಉದುರದೆ ನಿಂತಿತು. ಮಾಯೆಯ ಬಳ್ಳಿಯಲ್ಲವೇ, ವಾರದಲ್ಲೇ ನೀರಿನ ಕೊಡದಷ್ಟಾಯಿತು. ಎಲೆಗಳು ತಮ್ಮ ಸಾರವನ್ನೆಲ್ಲ ಕಾಯಿಗೆ ಸಾಗಿಸಿ ಒಂದೊಂದಾಗಿ ಒಣಗಿದವು. ನಾಲ್ಕನೆಯ ಹುಣ್ಣಿಮೆಯ ದಿನ ಮಾಂತ್ರಿಕ ಬಂದು, ಬಳ್ಳಿ ಸತ್ತಿದೆ, ಬೀಜ ತಾ ಎಂದ. ಕೆಂಚಮ್ಮ ಕಾಯಿಯ ಸಿಪ್ಪೆಗೆ ಉಗುರೊತ್ತಿದಳು. ಉಗುರು ಇಳಿಯಲಿಲ್ಲ, ಕಾಯಿ ಬಲಿತಿತ್ತು. ತೊಟ್ಟು ಕೊಯ್ದಳು. ಕಾಯಿ ಎರಡು ಹೋಳಾಗಿ, ಒಳಗಿಂದ ಬೀರ ಮುಖ ಒರೆಸಿಕೊಳ್ಳುತ್ತ ಎದ್ದು ಬಂದ. ಶುಷ್ಕಾಂಗ ನಿಂತಲ್ಲೇ ಬೂದಿಯಾದ.

ಆ ಕಾಯಿಯ ಬೀಜ ಮನೆಮನೆಗೆ ಹಂಚಿಹೋಯಿತು. ಹಸಿರಾವತಿಯ ಜನ ಬಿತ್ತಿದರು, ಬೆಳೆದರು, ಹೊಟ್ಟೆತುಂಬ ಉಂಡು ನೆಮ್ಮದಿಯಾಗಿದ್ದರು. ಕೆಂಚಮ್ಮ ಮಾತ್ರ ಅಂದು ಅಣ್ಣನ ಕೈ ಹಿಡಿದು ತೋಟದಲ್ಲೇ ಕೂತಿದ್ದಳು. ಮನೆಗೆ ಹೋಗೋಣವೆಂದು ಬೀರ ಎಷ್ಟು ಕರೆದರೂ ಬಹಳ ಹೊತ್ತು ಅವಳು ಏಳಲೇ ಇಲ್ಲ.