ಅಳಿಯನ ಸ್ಟೇಕು

ಗಂಗಾವತಿಯ ಹನುಮಣ್ಣನ ರೈಸ್ ಮಿಲ್ಲಿನಲ್ಲಿ ಹತ್ತು ಚೀಲ ಹಳೇ ಸೋನಾ ಮಸೂರಿ ಮಾಯವಾಗಿತ್ತು. ಗೋದಾಮಿನ ಬೀಗ ಮುರಿದಿರಲಿಲ್ಲ. ಗೋಡೆ ಪಕ್ಕದ ಸಾಲೆಲ್ಲ ಖಾಲಿ. ಆ ಸಾಲಿನ ನಟ್ಟನಡುವೆ ಮಾತ್ರ ಒಂದೇ ಒಂದು ಚೀಲ ಉಳಿದಿತ್ತು.

ಮ್ಯಾನೇಜರ್ ಕಳಕೇಶನ ಹೆಂಡತಿ ಸುನಿತಾ ಗಂಡನಿಗೆ ಬುತ್ತಿ ತಂದವಳು ಬಾಗಿಲಲ್ಲೇ ನಿಂತಳು. ಸಬ್ ಇನ್‌ಸ್ಪೆಕ್ಟರ್ ಸುರೇಖಾ ಹಮಾಲ ಬಾಲಪ್ಪನನ್ನು ವಿಚಾರಿಸುತ್ತಿದ್ದಳು.

"ಕೀಲಿ ಯಾರ ಕಡೆ ಇರತೈತಿ?"

"ನನ್ನ ಕಡೆ ಒಂದು, ಮ್ಯಾನೇಜರ್ ಸಾಹೇಬ್ರ ಕಡೆ ಒಂದು. ನಾ ಮುಟ್ಟಿಲ್ರೀ, ಮಕ್ಕಳಾಣಿ!"

ಸುನಿತಾಗೆ ಸಿಟ್ಟು ನೆತ್ತಿಗೇರಿತು. "ಮೇಡಂ, ಆ ಹಮಾಲನ್ನ ಸರಿಯಾಗಿ ಕೇಳ್ರಿ! ನಮ್ಮ ಮನಿಯವ್ರು ಯಾಕ ಕದೀತಾರ? 'ಐ ಹ್ಯಾವ್ ಎ ಸ್ಟೇಕ್ ಇನ್ ದಿ ಮಿಲ್' ಅಂತಾರ್ರೀ. ಪಾಲುದಾರರು ತಮ್ಮ ಅಕ್ಕಿ ತಾವ ಕದೀತಾರೇನು?"

ಹನುಮಣ್ಣ ಬೆಪ್ಪಾದ. "ಯಾವ ಪಾಲು ತಂಗಿ? ಅಂವ ನನ್ನ ಹತ್ರ ನೌಕರಿಗೆ ಅದಾನ."

ಗಂಡನ ಬಡಾಯಿಯನ್ನು ಊರೆಲ್ಲ ಡಂಗುರ ಸಾರಿದವಳು ಅವಳೇ! ನಾಚಿಕೆಯಿಂದ ಸುನಿತಾಳ ಮುಖ ಉರಿಯಿತು. ಮೂಲೆಯಲ್ಲಿ ನಿಂತಿದ್ದ ಕಳಕೇಶ ಲೆಕ್ಕದ ಪುಸ್ತಕ ತಿರುವತೊಡಗಿದ.

ಸುರೇಖಾ ಉಳಿದ ಚೀಲದ ಮೇಲೆ ಕೈಯಿಟ್ಟಳು. "ಇದನ್ನ ಯಾಕ ಬಿಟ್ಟ ಕಳ್ಳ?"

"ಅದು ಹೇಮಗುಡ್ಡದ ದುರ್ಗಮ್ಮನ ಹೆಸರಿನ ಚೀಲ್ರಿ. ವರ್ಷಾ ಒಂದು ಎತ್ತಿಡ್ತೀವಿ," ಎಂದ ಹನುಮಣ್ಣ.

"ಗುರುತು ಕಾಣವಲ್ದು?"

"ಶುಕ್ರವಾರ ಅರಿಶಿನ ಭಂಡಾರ ಹಚ್ಚಿ ಗುರುತು ಮಾಡೂದಿತ್ರಿ."

"ಹಂಗಾದ್ರ ಇದ ಆ ಚೀಲ ಅಂತ ಯಾರಿಗೆ ಗೊತ್ತಿತ್ತು?"

ಹನುಮಣ್ಣ ಮ್ಯಾನೇಜರನ ಕಡೆ ತಿರುಗಿದ. "ನನಗ... ಕಳಕೇಶಗ. ಇಬ್ಬರ ನಿಂತು ಆರಿಸಿದ್ವಿ."

"ಹೋದ ಚೀಲ ಎಲ್ಲಾರೂ ಎಣಿಸಿದ್ರಿ, ಉಳಿದದ್ದು ಯಾರೂ ನೋಡಲಿಲ್ಲ," ಎಂದಳು ಸುರೇಖಾ. "ಬಾಲಪ್ಪಗ ಎಲ್ಲಾ ಚೀಲಾನೂ ಒಂದ. ಮಾಲಕರ ಅಕ್ಕಿ ಕದ್ದು, ದೇವಿ ಅಕ್ಕಿ ಮುಟ್ಟಾಕ ಅಂಜಿದಾಂವ ನೀನ, ಕಳಕೇಶ. ಹೌದಿಲ್ಲೋ?"

ಕಳಕೇಶ ಹೆಂಡತಿಯ ಹತ್ತಿರ ಬಂದ. "ಸುನಿ, ನಿಮ್ಮಪ್ಪನ ಮುಂದ ಆ ಇಂಗ್ಲಿಷ್ ಮಾತು ಆಡಿಬಿಟ್ಟೆ. ನಿನ್ನ ತಮ್ಮನ ಮದುವಿಗೆ 'ನಿಮ್ಮ ಪಾಲಿನ ಅಕ್ಕಿ ಕಳಿಸ್ರಿ' ಅಂದ್ರು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ನಾಳೆಯೇ ಮದುವೆ. ಬಾಲಪ್ಪನ ಮುಖ ನೋಡಲು ಸುನಿತಾಗೆ ಧೈರ್ಯ ಸಾಲಲಿಲ್ಲ. ತವರಿಗೆ ಫೋನು ಹಚ್ಚಿದಳು.

"ಅಪ್ಪಾ, ಆ ಅಕ್ಕಿ ಒಲಿ ಮ್ಯಾಲ ಇಡಬ್ಯಾಡ."

"ಯಾಕವ್ವಾ? ನನ್ನ ಅಳಿಯಾಂದು ಮಿಲ್ಲಿನ್ಯಾಗ ಸ್ಟೇಕ್ ಐತಿ ಅಂತ ಬೀಗರ ಮುಂದ ಎದಿ ಉಬ್ಬಿಸಿ ಹೇಳೀನಿ!"

"ಇಲ್ಲಪ್ಪಾ," ಎಂದಳು ಸುನಿತಾ. "ಅವರಿಗೆ ಪಗಾರ ಅಷ್ಟ ಐತಿ. ಪೊಲೀಸರನ್ನ ಕರಕೊಂಡು ನಾನ ಬರಾಕತ್ತೀನಿ."