ಕಡೆಗಣ್ಣಿಗೆ ಕಂಡಷ್ಟು

ಮೊದಲ ದಿನವೇ ಅವನು ತಪ್ಪು ತಿಳಿದುಕೊಂಡ. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೂತು ಊರಿನ ಅರ್ಧ ಜನರ ಕಣ್ಣು ಪರೀಕ್ಷೆ ಮಾಡಿದವನಿಗೆ ಒಬ್ಬಳ ನೋಟ ಅರ್ಥವಾಗಲಿಲ್ಲ ಎಂದರೆ ನಗಬೇಕೋ ಅಳಬೇಕೋ.

ಅವಳು ಬಾಗಿಲಲ್ಲಿ ನಿಂತು, ಮುಖವನ್ನು ಬೀದಿಯ ಕಡೆ ಹೊರಳಿಸಿ, ಕಡೆಗಣ್ಣಲ್ಲಿ ಅವನನ್ನು ನೋಡಿದಳು. ಒಂದು ಸಲವಲ್ಲ, ಮೂರು ಸಲ. ನಲವತ್ತೆರಡು ತುಂಬಿದ ಬ್ರಹ್ಮಚಾರಿಯ ಕೈಯಿಂದ ಸಣ್ಣ ಸ್ಕ್ರೂ ಜಾರಿ ಬಿತ್ತು. ಅದನ್ನು ಹುಡುಕಲು ಮೇಜಿನ ಕೆಳಗೆ ಹೋದವನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದ.

"ಸಿಕ್ತಾ?" ಎಂದಳು ಮೇಲಿನಿಂದ.

"ಏನು?"

"ನೀವು ಹುಡುಕ್ತಿರೋದು."

"ಇನ್ನೂ ಇಲ್ಲ," ಎಂದ. ಸ್ಕ್ರೂ ಅವನ ಮುಷ್ಟಿಯಲ್ಲೇ ಇತ್ತು.

ಅವಳದು ರಫು ಮಾಡುವ ಕೆಲಸ. ಹರಿದ ಕೋಟು, ಹುಳ ತಿಂದ ಶಾಲು ಏನೇ ಇರಲಿ, ಬಣ್ಣಕ್ಕೆ ಹೊಂದುವ ನೂಲು ಹುಡುಕಿ, ಎಳೆಗೆ ಎಳೆ ಹೆಣೆದು, ಹರಿದದ್ದೇ ಗೊತ್ತಾಗದ ಹಾಗೆ ಮುಚ್ಚುತ್ತಿದ್ದಳು. ಇಡೀ ಬೀದಿ ಅವಳನ್ನು ಸೂಜಿಯಕ್ಕ ಎನ್ನುತ್ತಿತ್ತು. ಇವನೊಬ್ಬನೇ ಆ 'ಅಕ್ಕ'ನನ್ನು ನುಂಗಿಕೊಂಡು 'ಸೂಜಿಯವರೇ' ಎನ್ನುತ್ತಿದ್ದ. ಮಧ್ಯಾಹ್ನದ ಊಟದ ಡಬ್ಬಿ ತರುವ ಅವನ ಸ್ವಂತ ಅಕ್ಕನಿಗೆ ವಿಷಯ ತಿಳಿಯಲು ಅಷ್ಟು ಸಾಕಾಯಿತು.

ಸೂಜಿಯಕ್ಕ ಅಂಗಡಿಗೆ ಬಂದದ್ದು ಕೆಲಸಕ್ಕೊಂದು ಭೂತಗನ್ನಡಿ ಬೇಕೆಂದು. ಅವನು ಹೇಗೂ ಬಂದಿದ್ದೀರಲ್ಲ ಎಂದು ಕಣ್ಣನ್ನೂ ಪರೀಕ್ಷೆ ಮಾಡಿದ. ಗೋಡೆಯ ಬೋರ್ಡಿನ ಅಂಕಿಗಳನ್ನು ಅವಳು ನಿಧಾನವಾಗಿ, ಕತ್ತು ಅತ್ತಿತ್ತ ಹೊರಳಿಸುತ್ತ, ಕೊನೆಯ ಸಾಲಿನವರೆಗೂ ಓದಿದಳು. ತಿಂಗಳಿಗೊಮ್ಮೆ ಬಂದು ತೋರಿಸಿ ಎಂದು ಅವನು ಹೇಳಿದ. ಅಂಥ ಅಗತ್ಯ ಯಾವ ಕಣ್ಣಿಗೂ ಇರುವುದಿಲ್ಲ. ಅವಳು ತಿಂಗಳ ಮೊದಲ ಗುರುವಾರ ಎಂದು ತಾನೇ ಗೊತ್ತುಮಾಡಿಕೊಂಡಳು.

ಹಕ್ಕಿಯ ವಿಷಯ ಬಂದದ್ದು ಮೂರನೆಯ ಗುರುವಾರ. ಯಾರೋ ಮುದುಕಿ ಅವಳ ಬಳಿ ಒಂದು ಶಾಲು ತಂದಿದ್ದಳಂತೆ, ಅದರ ತುಂಬ ಉದ್ದ ಬಾಲದ ಹಸಿರು ಹಕ್ಕಿಯ ಕಸೂತಿ. ಬಾಲವನ್ನು ಹುಳ ತಿಂದಿತ್ತು. ಇವಳು ಹನ್ನೊಂದು ಬಗೆಯ ಹಸಿರು ನೂಲು ತರಿಸಿ, ಹನ್ನೊಂದನೆಯದರಲ್ಲಿ ಹೆಣೆದು ಕೊಟ್ಟಳು. ಮುದುಕಿ ಮೆಚ್ಚಿ ಒಯ್ದಳು. ಹೋಗುವಾಗ, ನಿಜವಾದ ಹಕ್ಕಿಯ ಹಸಿರೇ ಬೇರೆ, ಬಿಸಿಲು ತಿರುಗಿದರೆ ಅದೂ ತಿರುಗುತ್ತದೆ ಎಂದು ಒಂದು ಮಾತು ಬಿಟ್ಟುಹೋದಳು. ಅವತ್ತಿನಿಂದ ಸೂಜಿಯಕ್ಕನಿಗೆ ನೆಮ್ಮದಿ ಇಲ್ಲ. ತಾನು ಹಾಕಿದ ಹಸಿರು ಸರಿಯೋ ತಪ್ಪೋ, ಒಮ್ಮೆ ಹಕ್ಕಿಯನ್ನೇ ನೋಡಿ ತಿಳಿಯಬೇಕು.

ಹಕ್ಕಿಯ ಹೆಸರು ಕ್ವೆಟ್ಸಾಲ್. ಇರುವುದು ಕೋಸ್ಟರಿಕಾದಲ್ಲಿ, ಎರಡು ಅಮೆರಿಕಗಳ ನಡುವೆ ನೆಲ ಸೊಂಟದಷ್ಟು ಸಣ್ಣಗಾಗುತ್ತದಲ್ಲ, ಅಲ್ಲಿಯ ಪುಟ್ಟ ದೇಶ. ಅವನು ಭೂಪಟ ತಂದು ಕೌಂಟರಿನ ಗಾಜಿನ ಕೆಳಗೆ ಹಾಸಿದ. ಒಂದು ನೋಟ್‌ಬುಕ್ ಬಂತು. ಗುರುವಾರಗಳು ತುಂಬತೊಡಗಿದವು. ಯಾವ ವಿಮಾನ, ಎಲ್ಲಿ ಇಳಿದು ಎಲ್ಲಿ ಬಸ್ಸು ಹತ್ತುವುದು, ಮೋಡ ಮುಸುಕಿದ ಕಾಡಿನಲ್ಲಿ ಎಂಥ ರೇನ್‌ಕೋಟು, ಎಲ್ಲವನ್ನೂ ಅವನು ಬರೆದ. ಬೆಟ್ಟದ ಹಳ್ಳಿಯ ಒಬ್ಬ ಗೈಡಿಗೆ ಇಮೇಲ್ ಹೋಯಿತು, ಉತ್ತರವೂ ಬಂತು. ಮಾರ್ಚಿನಲ್ಲಿ ಬನ್ನಿ, ಹಕ್ಕಿ ಕೊಳೆತ ಮರದ ಪೊಟರೆಯಲ್ಲಿ ಗೂಡು ಮಾಡುವ ಕಾಲ, ಹತ್ತಿರದಿಂದ ಕಾಣುತ್ತದೆ ಎಂದು.

"ನಾವು ಬೆಳಿಗ್ಗೆ ಐದಕ್ಕೇ ಹೊರಡ್ಬೇಕಾಗುತ್ತೆ," ಎಂದ ಬರೆಯುತ್ತ.

"ನಾವಾ?" ಮುಖ ಬಾಗಿಲ ಕಡೆ, ಕಣ್ಣಂಚು ಇವನ ಕಡೆ.

"ಅಂದ್ರೆ, ಗೈಡು ಮತ್ತೆ ನೀವು."

"ಹಾಗಾದ್ರೆ ಆ ಗೈಡಿಗೆ ಒಂದು ಫ್ಲಾಸ್ಕ್ ತರೋಕೆ ಹೇಳಿ, ಡಾಕ್ಟ್ರೇ. ಬೆಳಿಗ್ಗೆ ಕಾಫಿ ಇಲ್ದೆ ಅವರಿಗೆ ಮಾತೇ ಹೊರಡಲ್ಲ."

ಅವನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಆ ಹೊತ್ತಿಗೆ ಸುಮ್ಮನಾಗಿದ್ದ. ಫ್ಲಾಸ್ಕ್ ಎಂದೂ ಪಟ್ಟಿಗೆ ಸೇರಿಸಿದ.

ಹೀಗೆ ಎಲ್ಲ ಚೆಂದವಾಗಿದ್ದಾಗಲೇ ಕಳೆದ ಜನವರಿ ಬಂತು. ಆ ಗುರುವಾರ ಬೆಳಿಗ್ಗೆ ಅಕ್ಕ ಅಂಗಡಿಯ ಧೂಳು ಹೊಡೆದು ಅಂಕಿಗಳ ಬೋರ್ಡನ್ನು ತಲೆಕೆಳಗಾಗಿ ತೂಗುಹಾಕಿಬಿಟ್ಟಿದ್ದಳು. ಅವನು ಅದನ್ನು ಕಂಡು, ತಾಳಿ ಸರಿ ಮಾಡ್ತೀನಿ ಎನ್ನುವಷ್ಟರಲ್ಲಿ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು ಓದಲು ಶುರುಮಾಡಿದಳು. ಬೋರ್ಡು ಸರಿಯಾಗಿಯೇ ಇದ್ದ ಹಾಗೆ, ಮೇಲಿನ ದೊಡ್ಡ ಅಂಕಿಯಿಂದ ಕೆಳಗಿನ ಸಣ್ಣ ಸಾಲಿನವರೆಗೆ ಒಂದೇ ಉಸಿರು. ಎರಡು, ಒಂಬತ್ತು, ಐದು, ಮೂರು, ಎಂಟು. ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ.

ಅವನಿಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಎದುರಿಗಿದ್ದದ್ದು ಅವಳಿಗೆ ಕಾಣುತ್ತಿರಲಿಲ್ಲ. ಕಣ್ಣಿನ ನಡುಭಾಗಕ್ಕೆ ಮಂಜು ಕವಿದು, ಅಂಚಷ್ಟೇ ಉಳಿಯುವ ಕಾಯಿಲೆ ಒಂದಿದೆ, ಅದಕ್ಕೆ ಕನ್ನಡಕವೂ ಇಲ್ಲ, ಔಷಧಿಯೂ ಇಲ್ಲ. ತನ್ನ ತಾಯಿ ಕೊನೆಗಾಲದಲ್ಲಿ ಗೋಡೆ ತಡವಿ ನಡೆಯುತ್ತಿದ್ದರು ಎಂದು ಅವಳು ಯಾವಾಗಲೋ ಹೇಳಿದ್ದಳು. ಆ ಕಡೆಗಣ್ಣ ನೋಟ ಬಿನ್ನಾಣವಲ್ಲ. ಅಂಚೆಯವನನ್ನೂ ದೀಪದ ಕಂಬವನ್ನೂ ಅವಳು ಹಾಗೇ ನೋಡಬೇಕಿತ್ತು. ಇವನ ಮನಸ್ಸು ಮಾತ್ರ ಆ ನೋಟಕ್ಕೆ ಯಾವತ್ತೋ ಸೋತುಹೋಗಿತ್ತು.

ಆಗ ಹೇಳಬೇಕಿತ್ತು. ಅವನು ಪುಸ್ತಕ ತೆರೆದು ಆರಕ್ಕೆ ಆರು, ಅಂದರೆ ದೃಷ್ಟಿಯಲ್ಲಿ ದೋಷವೇ ಇಲ್ಲ, ಎಂದು ಬರೆದ.

"ಚೆನ್ನಾಗಿದೆ ಅಲ್ವಾ?" ಎಂದು ಕೇಳಿದಳು. ಚೆನ್ನಾಗಿದೆ ಎಂದ. ಹಾಗಾದರೆ ಈ ಮಾರ್ಚಿಗೆ ಅವಸರವೇನು, ಬರುವ ಮಾರ್ಚಿಗೆ ಹೋದರಾಯಿತು ಎಂದಳು. ಟಿಕೆಟ್ ತೆಗೆಯುವ ತನಕ ಕಣ್ಣೂ ಕಾಯುತ್ತದೆ ಎಂದು ಅವಳು ನಂಬಿಕೊಂಡ ಹಾಗಿತ್ತು. ಬರುವ ಮಾರ್ಚಿಗೆ ಏನಾಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಆಗಲಿ ಎಂದ. ಆಗಲಿ ಎಂದರೆ ಇನ್ನೂ ಹನ್ನೆರಡು ಗುರುವಾರ. ಮನುಷ್ಯ ಎಷ್ಟು ಒಳ್ಳೆಯವನಾಗಿದ್ದರೂ ಆಸೆಯ ಮುಂದೆ ಕಳ್ಳನೇ.

ಹನ್ನೊಂದು ಗುರುವಾರಗಳು ಮುಗಿದವು. ಈ ಜನವರಿಯ ಮೊದಲ ವಾರ ಅಕ್ಕ ಊಟದ ಡಬ್ಬಿಯ ಜೊತೆಗೆ ತನ್ನ ಬೂದು ಬಣ್ಣದ ಕೋಟನ್ನೂ ತಂದು ಕೌಂಟರಿನ ಮೇಲೆ ಹರಡಿದಳು. ಮೊಣಕೈಯಲ್ಲಿ ಹರಿದದ್ದನ್ನು ಸೂಜಿಯಕ್ಕ ರಫು ಮಾಡಿ ಕಳಿಸಿದ್ದಳು. ಹೆಣಿಗೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆ ಇರಲಿಲ್ಲ, ಬೆರಳಿಟ್ಟರೆ ಹರಿದ ಜಾಗ ಸಿಗುತ್ತಿರಲಿಲ್ಲ. ಆದರೆ ನೂಲು ಹಸಿರು. ಬೂದು ಕೋಟಿನ ಮೊಣಕೈಯಲ್ಲಿ ಅಂಗೈಯಗಲದ ಎಳೆ ಹಸಿರು.

"ಅವಳಿಗೆ ಬಣ್ಣ ಗೊತ್ತಾಗ್ತಿಲ್ಲ ಕಣೋ," ಎಂದಳು ಅಕ್ಕ. "ನಿನಗೆ ಗೊತ್ತಿತ್ತಾ?"

ಅಕ್ಕ ತಮ್ಮನ ಮುಖ ನೋಡಿ ಉತ್ತರ ತಿಳಿದುಕೊಂಡಳು. ಊರವರ ಕಣ್ಣು ತಿದ್ದೋನು ಅವಳ ಕಣ್ಣಿಗೆ ಮಣ್ಣೆರಚಿದೆಯಲ್ಲೋ ಎಂದು ಹೇಳಿ, ಡಬ್ಬಿ ಅಲ್ಲೇ ಬಿಟ್ಟು ಹೋದಳು.

ಗುರುವಾರ ಬೆಳಿಗ್ಗೆ ಅವನು ಬೋರ್ಡನ್ನು ಗೋಡೆಯಿಂದ ಇಳಿಸಿ ಬೀರುವಿಗೆ ಸೇರಿಸಿದ. ಬೋರ್ಡಿದ್ದರೆ ಅವಳು ಓದುತ್ತಾಳೆ, ಓದಿದರೆ ತಾನು ಬರೆಯುತ್ತೇನೆ. ಇಲ್ಲದಿದ್ದರೆ ಮಾತಾಡಲೇಬೇಕು. ಹೇಗೆ ಶುರುಮಾಡುವುದು ಎಂದು ಮೂರು ಬಗೆಯಲ್ಲಿ ಯೋಚಿಸಿಟ್ಟುಕೊಂಡ. ಅವಳು ಬಂದಾಗ ಮೂರೂ ಮರೆತುಹೋದವು. ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗಲೇ ಅವಳು ಕುರ್ಚಿಯಲ್ಲಿ ಕೂತು, ಖಾಲಿ ಗೋಡೆಯಲ್ಲಿ ಉಳಿದಿದ್ದ ಮೊಳೆಯ ಕಡೆ ಮುಖ ಮಾಡಿ, ಅಂಕಿಗಳನ್ನು ಒಪ್ಪಿಸತೊಡಗಿದಳು. ಎರಡು, ಒಂಬತ್ತು, ಐದು.

"ಸಾಕು," ಎಂದ. "ಅಲ್ಲಿ ಬೋರ್ಡಿಲ್ಲ."

ಅವಳ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು.

"ಯಾವಾಗಿಂದ ಗೊತ್ತು?"

"ಹೋದ ಜನವರಿಯಿಂದ. ಆವತ್ತು ಬೋರ್ಡು ತಲೆಕೆಳಗಾಗಿತ್ತು."

"ಅಂದ್ರೆ ಮಾರ್ಚಿಗೆ ಮುಂಚೆ."

"ಮುಂಚೆ."

ಆಮೇಲೆ ಅವನು ಎಲ್ಲವನ್ನೂ ಹೇಳಿದ, ತಡವರಿಸುತ್ತ, ನೆಲ ನೋಡುತ್ತ. ನಿಜ ಹೇಳಿದ್ದರೆ ಅವಳು ಅವತ್ತೇ ಹೊರಟುಬಿಡುತ್ತಿದ್ದಳು, ನೋಡಿಕೊಂಡು ಬಂದ ಮೇಲೆ ಈ ಅಂಗಡಿಯಲ್ಲಿ ಅವಳಿಗೆ ಕೆಲಸವೇನಿರುತ್ತಿತ್ತು, ಗುರುವಾರ ಇಲ್ಲದ ತಿಂಗಳು ತನ್ನಿಂದಾಗುತ್ತಿರಲಿಲ್ಲ ಎಂದ. ಪ್ರೀತಿಯನ್ನು ಹೀಗೆ ತಪ್ಪೊಪ್ಪಿಗೆಯಾಗಿ ಹೇಳಬೇಕಾಗಿ ಬಂದದ್ದು ಅವನ ಹಣೆಬರಹ.

ಅವಳು ಅಳಲಿಲ್ಲ. "ಹೋದ ಮಾರ್ಚಿನಲ್ಲಿ ನನಗೆ ಹಸಿರು ಕಾಣ್ತಿತ್ತು," ಎಂದಳು. "ಈಗ ಹಸಿರೂ ಬೂದೀನೂ ಒಂದೇ."

ಎದ್ದು, ಕೌಂಟರಿನ ಅಂಚು ಹಿಡಿದುಕೊಂಡು, ಬಾಗಿಲು ದಾಟಿ ಹೋದಳು. ಅವನು ಹಿಂದೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಫೆಬ್ರವರಿಯ ಮೊದಲ ಗುರುವಾರ ಅವಳು ಬರಲಿಲ್ಲ. ಅವನು ಬೋರ್ಡನ್ನು ಮತ್ತೆ ಗೋಡೆಗೆ ಹಾಕಲಿಲ್ಲ, ಬಂದ ಗಿರಾಕಿಗಳನ್ನು ಪಕ್ಕದ ಬೀದಿಯ ಅಂಗಡಿಗೆ ಕಳಿಸಿದ. ಅಕ್ಕ ಹಸಿರು ಮೊಣಕೈಯ ಆ ಕೋಟನ್ನೇ ಹಾಕಿಕೊಂಡು ದಿನಾ ಡಬ್ಬಿ ತಂದಳು. ಬಿಚ್ಚಿಸಿ ಬೇರೆ ನೂಲು ಹಾಕಿಸು ಎಂದರೆ ಕೇಳಲಿಲ್ಲ. ಅದು ಅವಳ ಕೈಯ ಕೆಲಸ, ಕಂಡರೆ ಕಾಣಲಿ ಎಂದಳು. ಗಾಜಿನ ಕೆಳಗೆ ಭೂಪಟ ಹಾಗೇ ಇತ್ತು. ಆ ಸಣ್ಣ ಸೊಂಟದ ದೇಶದ ಮೇಲೆ ಅವನು ಕನ್ನಡಕದ ಡಬ್ಬಿಗಳನ್ನು ಒಟ್ಟಿ ಮುಚ್ಚಿದ.

ಎರಡನೆಯ ವಾರ, ಒಂದು ಸೋಮವಾರ ಮಧ್ಯಾಹ್ನ, ಅವಳು ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ. ಚೀಲದಿಂದ ಒಂದು ರಟ್ಟು ತೆಗೆದು ಕೌಂಟರಿನ ಮೇಲಿಟ್ಟಳು. ರಟ್ಟಿನ ಉದ್ದಕ್ಕೂ ಹನ್ನೊಂದು ಹಸಿರು ನೂಲು ಸುತ್ತಿತ್ತು, ಕೊನೆಯದಕ್ಕೆ ಒಂದು ಗಂಟು.

"ಗಂಟಿರೋದು ಆ ಶಾಲಿಗೆ ನಾನು ಹಾಕಿದ್ದು. ಕೈಗೆ ಸಿಗ್ಲಿ ಅಂತ ಗಂಟು ಹಾಕಿಟ್ಟಿದೀನಿ." ರಟ್ಟನ್ನು ಅವನ ಕಡೆ ತಳ್ಳಿದಳು. "ಟಿಕೆಟ್ ಮಾಡಿಸಿ. ಎರಡು."

ಅವನು ಭೂಪಟದ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಬದಿಗೆ ಸರಿಸಿದ.

"ಹಕ್ಕಿ ಕೂತಾಗ ನೀವು ಈ ನೂಲು ಹಿಡಿದು ನೋಡಿ ಹೇಳ್ಬೇಕು. ಸರಿ ಇದ್ರೆ ಸರಿ, ತಪ್ಪಿದ್ರೆ ತಪ್ಪು. ನನಗೆ ನೋವಾಗುತ್ತೆ ಅಂತ ಅಲ್ಲೂ ಆರಕ್ಕೆ ಆರು ಬರೆಯೋ ಹಾಗಿಲ್ಲ."

"ಬರೆಯಲ್ಲ."

"ಕ್ಷಮಿಸಿದೀನಿ ಅಂದ್ಕೋಬೇಡಿ."

"ಇಲ್ಲ."

"ನಾನೂ ಸಾಚಾ ಅಲ್ಲ." ಅವಳ ಬೆರಳು ಗಂಟಿನ ಮೇಲೆ ಆಡುತ್ತಿತ್ತು. "ನಿಮ್ಮನ್ನ ನೋಡೋಕೆ ಮುಂಚೇನೇ ದೊಡ್ಡಾಸ್ಪತ್ರೇಲಿ ಹೇಳಿದ್ರು, ಇನ್ನು ಕನ್ನಡಕದಿಂದ ಪ್ರಯೋಜನ ಇಲ್ಲ ಅಂತ. ಆ ಅಂಕಿಗಳನ್ನ ಬಾಯಿಪಾಠ ಮಾಡಿದ್ದು ಕಣ್ಣಿಗೋಸ್ಕರ ಅಲ್ಲ, ಡಾಕ್ಟ್ರೇ. ನಿಜ ಗೊತ್ತಾದ್ರೆ ನೀವು ಬರಬೇಡಿ ಅಂತಿದ್ರಿ. ನಿಮ್ಮ ಹತ್ರ ಬರೋಕೆ ನನಗೂ ಬೇರೆ ನೆಪ ಇರ್ಲಿಲ್ಲ."

ಹಾಗಾದರೆ ಕದ್ದವರು ಇಬ್ಬರು, ಕಳೆದುಹೋದದ್ದು ಒಂದೇ ಹಸಿರು. ಅವನು ಕೌಂಟರ್ ಸುತ್ತಿ ಬಂದು ಅವಳ ಎದುರಿಗೆ ನಿಂತ.

"ಎದುರಿಗೆ ನಿಲ್ಬೇಡಿ," ಎಂದಳು. "ಎದುರಿಗೆ ನಿಂತ್ರೆ ನೀವು ಇರೋದೇ ಇಲ್ಲ. ಈ ಕಡೆ ಬನ್ನಿ."

ಅವನು ಪಕ್ಕಕ್ಕೆ ಸರಿದ. ಅವಳು ಮುಖವನ್ನು ಗೋಡೆಯ ಮೊಳೆಯ ಕಡೆ ತಿರುಗಿಸಿ, ಕಡೆಗಣ್ಣಲ್ಲಿ ಅವನನ್ನು ಬಹಳ ಹೊತ್ತು ನೋಡಿದಳು, ಹಣೆಯಿಂದ ಗಲ್ಲದವರೆಗೆ, ಎಳೆ ಎಳೆಯಾಗಿ. ಈ ಸಲ ಅವನು ತಪ್ಪು ತಿಳಿಯಲಿಲ್ಲ.

"ಇನ್ನೂ ಕಾಣ್ತೀರಿ," ಎಂದಳು. "ಟಿಕೆಟ್ ಬೇಗ ಮಾಡಿಸಿ."