ಜಟ್ಟಿ ಹರಿಕಂತ್ರನ ಕರಿಕಲ್ಲು

ಲೋಹಮೂಲದರ್ಶಕವು ತೋಪಿನ ನಳಿಗೆಯ ಮೇಲೆ ಜಿಗಣೆಯಂತೆ ಅಂಟಿಕೊಂಡು ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಅಂಗೈಯಗಲದ ಆ ಯಂತ್ರದಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು, ಅಷ್ಟೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನಲ್ಲಿರುವ ಒಂದು ಪುಟ್ಟ ದ್ವೀಪದ ದಂಡೆ ಅದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಂಡೆಯ ತುದಿಯಲ್ಲಿ ನಿಲ್ಲಿಸಿದ್ದ ಈ ತೋಪನ್ನು ಗೆದ್ದವರು ಕಡಲಿಗೆ ಉರುಳಿಸಿದ್ದರು. ತೊಂಬತ್ತು ವರ್ಷ ಉಪ್ಪುನೀರಿನಲ್ಲಿ ಬಿದ್ದಿದ್ದುದನ್ನು ಈಗ ಮೇಲೆತ್ತಿ ಮರದ ದಿಮ್ಮಿಗಳ ಮೇಲೆ ಮಲಗಿಸಲಾಗಿತ್ತು.

ಯಂತ್ರವನ್ನು ಕಂಡುಹಿಡಿದವರು ಸಂಡೂರಿನ ಡಾ. ಓಬಳೇಶ. ಅವರ ಪಕ್ಕದ ಮಡಚು ಕುರ್ಚಿಯಲ್ಲಿ, ಸೀರೆಯ ಮೇಲೆ ಯಾರದೋ ದಪ್ಪ ಕೋಟು ಹಾಕಿಕೊಂಡು, ಮಡಿಲಲ್ಲಿ ನೈಲಾನ್ ಚೀಲ ಇಟ್ಟುಕೊಂಡು ಕೂತಿದ್ದವರು ಮಾದೇವಿ ಹರಿಕಂತ್ರ. ಅಂಕೋಲೆಯ ಹತ್ತಿರದ ಬೇಲೆಕೇರಿಯಲ್ಲಿ ಐವತ್ತು ವರ್ಷ ಮೀನು ಮಾರಿದವರು.

ಜರ್ಮನ್ನರು ದಂಡೆಗೆ ನಿಲ್ಲಿಸಿದ ತೋಪುಗಳೆಲ್ಲ ಜರ್ಮನಿಯವಲ್ಲ. ಗೆದ್ದ ದೇಶಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಅವರು ಎಳೆದು ತಂದಿದ್ದರು. ಹಾಗೆ ತಂದ ತೋಪಿಗೆ ಒಂದು ಸಂಖ್ಯೆ ಕೊಟ್ಟು, ಅದು ಯಾವ ದೇಶದ್ದೆಂದು ತಿಳಿಸುವ ಒಂದು ಚಿಕ್ಕ ಅಕ್ಷರವನ್ನೂ ಸೇರಿಸುತ್ತಿದ್ದರು. ಈ ತೋಪಿನ ಗುರುತನ್ನು ಉಪ್ಪು ತಿಂದುಬಿಟ್ಟಿತ್ತು. ಆದರೆ ಮುದ್ರೆ ಒತ್ತಿದಾಗ ಉಕ್ಕು ಒಳಗೂ ಅದುಮಿಕೊಳ್ಳುತ್ತದೆ. ಮೇಲಿನ ಪದರ ಸವೆದರೂ ಒಳಗಿನ ಅದುಮು ಉಳಿಯುತ್ತದೆ. ಯಂತ್ರ ಅದನ್ನು ಓದಬಲ್ಲದು. ಅದಿರಿನ ಜಾಡನ್ನೂ ಹಿಡಿಯಬಲ್ಲದು. ಒಂದೊಂದು ಗುಡ್ಡದ ಅದಿರಿನಲ್ಲಿ ಬೇರೆ ಲೋಹಗಳ ಅತಿಸೂಕ್ಷ್ಮ ಬೆರಕೆ ಒಂದೊಂದು ಪ್ರಮಾಣದಲ್ಲಿರುತ್ತದೆ. ಕುಲುಮೆಯಲ್ಲಿ ಕರಗಿಸಿದರೂ ಆ ಪ್ರಮಾಣ ಬದಲಾಗುವುದಿಲ್ಲ.

ಇದನ್ನು ನಂಬಿ ಹಲವು ದೇಶಗಳು ಒಂದು ಒಪ್ಪಂದ ಮಾಡಿಕೊಂಡಿದ್ದವು. ದಂಡೆಯ ಒಂದೊಂದು ತೋಪಿನ ಮುಂದೆಯೂ ಒಂದು ಫಲಕ. ಅದರಲ್ಲಿ ತೋಪಿನ ಮೂಲ, ಅದು ಕೊಂದವರ ಹೆಸರು. ಮೂಲದವರು ಫಲಕದ ಮುಂದೆ ನಿಂತು ಆ ಹೆಸರುಗಳನ್ನು ಗಟ್ಟಿಯಾಗಿ ಓದಿ, ಇದು ನಮ್ಮಿಂದ ಆಯಿತು ಎಂದು ಹೇಳಬೇಕು. ಮೂರು ಕೈ ಬದಲಾಯಿಸಿದ ತೋಪುಗಳ ಬಗ್ಗೆ ಜಗಳ ಬೇಡವೆಂದು ಒಂದು ಸಾಲು ಸೇರಿಸಿದ್ದರು: ಯಂತ್ರ ತೋರಿಸುವ ಅತಿ ಹಳೆಯ ಮೂಲವನ್ನೇ ಹಿಡಿಯತಕ್ಕದ್ದು.

ಮಾದೇವಿ ಬಂದದ್ದು ಒಂದು ಹೆಸರಿಗಾಗಿ. ಅವರ ಅಜ್ಜ ಜಟ್ಟಿ ಇಂಗ್ಲಿಷರ ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಖಲಾಸಿ. ೧೯೪೨ರಲ್ಲಿ ಈ ಕಡಲಲ್ಲಿ ಅವರ ಹಡಗಿಗೆ ಗುಂಡು ಬಿತ್ತು. ಸತ್ತ ಬಿಳಿಯರ ಹೆಸರುಗಳೆಲ್ಲ ಪತ್ರಿಕೆಯಲ್ಲಿ ಬಂದವು. ಮನೆಗೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೆ: ದೇಶೀ ನಾವಿಕರು, ಹನ್ನೊಂದು. ಊರಿನವರು ಬಳೆ ಒಡೆಸಲು ಬಂದಾಗ ಅಜ್ಜಿ ನಾಗಿ ಕೈ ಕೊಡಲಿಲ್ಲ. ಹನ್ನೊಂದರಲ್ಲಿ ನನ್ನ ಗಂಡ ಎಷ್ಟನೆಯವನು, ಹೆಸರು ಬರಲಿ, ಆಮೇಲೆ ಒಡೆಯುತ್ತೇನೆ ಎಂದಳು. ಸಂತೆಯಲ್ಲಿ, ಮದುವೆಮನೆಯಲ್ಲಿ ಅವಳ ಹಸಿರು ಬಳೆ ನೋಡಿ ಆಡಿಕೊಳ್ಳದವರಿರಲಿಲ್ಲ. ಬಳೆ ತಾನಾಗಿ ಒಡೆದರೆ ಹೊಸದು ಇಟ್ಟುಕೊಂಡು, ಐವತ್ತೆರಡು ವರ್ಷ ಹಾಗೆಯೇ ಬದುಕಿ ಸತ್ತಳು. ಆ ಬಳೆಗಳು ಮಾದೇವಿಯ ಚೀಲದಲ್ಲಿದ್ದವು.

ಮುಳುಗಿದ ಹಡಗಿನಿಂದ ಎತ್ತಿದ್ದ ಗುಂಡಿನ ತಾಮ್ರದ ಪಟ್ಟಿಯ ಗೀರುಗಳೂ ನಳಿಗೆಯ ಒಳಗಿನ ಗೀರುಗಳೂ ಹೊಂದಿಕೊಂಡವು. ಕೊಂದದ್ದು ಇದೇ ತೋಪು. ಮಾದೇವಿ ಕಣ್ಣು ಮಿಟುಕಿಸದೆ ಅದನ್ನೇ ನೋಡಿದರು.

"ತಮಾ, ನಿನ್ನ ಯಂತ್ರ ಅಜ್ಜನ ಹೆಸರು ಹೇಳ್ತದನಾ?"

"ಕಬ್ಬಿಣದ್ದು ಹೇಳತೈತಮ್ಮ. ಮನುಷ್ಯರ್ದು ಮನುಷ್ಯರೇ ಹೇಳ್ಬೇಕು," ಎಂದರು ಓಬಳೇಶ.

ಟಿಕ್ ಟಿಕ್ ನಿಂತು ಪರದೆಯ ಮೇಲೆ ಅಳಿಸಿಹೋಗಿದ್ದ ಮುದ್ರೆ ಮೂಡಿತು. ಬೆಲ್ಜಿಯಂ ದೇಶದ ಅಕ್ಷರ. ಜರ್ಮನಿಯ ಪ್ರತಿನಿಧಿ ಕೋಟಿನ ಗುಂಡಿ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಗುಂಡು ಹಾರಿಸಿದ್ದು ತಮ್ಮವರೇ, ಅದನ್ನು ತಾವು ಬೇರೆಡೆ ಒಪ್ಪಿಕೊಂಡಾಗಿದೆ, ಇಲ್ಲಿ ಪ್ರಶ್ನೆ ಮೂಲದ್ದು ಎಂದರು. ಬೆಲ್ಜಿಯಂ ಪ್ರತಿನಿಧಿ ಒಪ್ಪಂದದ ಪ್ರತಿ ತೆಗೆದು ಆ ಒಂದು ಸಾಲಿನ ಮೇಲೆ ಬೆರಳಿಟ್ಟರು. ತಾವು ಎರಕ ಹೊಯ್ದದ್ದು ನಿಜ, ಆದರೆ ಅದಿರು ತಮ್ಮ ನೆಲದ್ದಲ್ಲ. ಅತಿ ಹಳೆಯ ಮೂಲ ನೋಡಿ ಎಂದರು. ಯಂತ್ರ ಮತ್ತೆ ಸರಿಯಿತು. ಉಕ್ಕಿಗೆ ಬೆರೆಸಿದ ಮ್ಯಾಂಗನೀಸ್ ಅದಿರು ಯಾವುದೋ ದೂರದ ಗುಡ್ಡದ್ದು. ಅದರ ಮಾದರಿ ಯಂತ್ರದ ಸಂಗ್ರಹದಲ್ಲಿರಲಿಲ್ಲ. ಪರದೆಯಲ್ಲಿ 'ಮೂಲ ತಿಳಿಯದು' ಎಂದು ಬಂತು.

ಮೂಲ ತಿಳಿಯದಿದ್ದರೆ ಯಾರೂ ನಿಲ್ಲಬೇಕಾಗಿಲ್ಲ. ಪ್ರತಿನಿಧಿಗಳ ಮುಖ ಸಡಿಲವಾಯಿತು. ಒಬ್ಬರು ಊಟದ ಸಮಯ ವಿಚಾರಿಸಿದರು.

ಮಾದೇವಿ ಎದ್ದು ನಿಂತರು. ಮೀನುಪೇಟೆಯ ಗದ್ದಲದ ಮೇಲೆ ಕೇಳಿಸಲು ಪಳಗಿದ ದನಿ ಅದು. ಆದರೆ ಆಗ ಅವರು ಮೆಲ್ಲಗೇ ಮಾತಾಡಿದರು.

"ಹೊಡೆಯೂಕೆ ಇವರಿಗೆಲ್ಲ ಕೈ ಇತ್ತು. ಒಪ್ಪೂಕೆ ಒಬ್ಬರಿಗೂ ಬಾಯಿ ಇಲ್ಲ. ಹೇಳು ತಮಾ, ಅವರ ಭಾಷೆಲಿ ಹೇಳು."

ಓಬಳೇಶ ಹೇಳಿದರು. ಪ್ರತಿನಿಧಿಗಳು ಕಾಗದ ಮಡಚತೊಡಗಿದರು. ಮಾದೇವಿ ಚೀಲಕ್ಕೆ ಕೈ ಹಾಕಿ ಬೆಲ್ಲದಚ್ಚಿನಷ್ಟು ದೊಡ್ಡ ಕರಿಕಲ್ಲೊಂದನ್ನು ತೆಗೆದು ತೋಪಿನ ಮೇಲೆ ಕುಕ್ಕಿದರು. ಫಲಕದ ಬುಡದಲ್ಲಿಡಲು ತಂದದ್ದದು, ಅಜ್ಜನದೆಂದು ಮನೆಯಲ್ಲಿ ಉಳಿದಿದ್ದ ಒಂದೇ ವಸ್ತು. ಆ ಕಡೆಯ ಖಲಾಸಿಗಳಲ್ಲಿ ಒಂದು ರೂಢಿಯಿತ್ತು. ಹಡಗು ಹೊತ್ತ ಸರಕಿನ ಒಂದು ಚೂರನ್ನು ಮನೆಗೆ ತಂದು, ನಾನು ಇದನ್ನು ಹೊತ್ತುಕೊಂಡು ಇಷ್ಟು ದೂರ ಹೋಗಿದ್ದೆ ಎಂದು ತೋರಿಸುವುದು. ಜಟ್ಟಿ ಮೊದಲ ಪ್ರಯಾಣದಲ್ಲಿ ತಂದ ಈ ಕಲ್ಲನ್ನು ನಾಗಿ ಉಪ್ಪುನೀರಿನ ಮಾವಿನಕಾಯಿ ಭರಣಿಯೊಳಗೆ, ಕಾಯಿ ತೇಲದಂತೆ ಭಾರಕ್ಕೆ ಇಡುತ್ತಿದ್ದಳು.

ಯಂತ್ರ ತನ್ನಷ್ಟಕ್ಕೆ ಕಲ್ಲಿನ ಮೇಲೆ ಹತ್ತಿತು. ಟಿಕ್ ಟಿಕ್ ಎಂದಿತು. ಪರದೆಯಲ್ಲಿ ತೋಪಿನ ಮ್ಯಾಂಗನೀಸಿನ ಗೆರೆಯೂ ಈ ಕಲ್ಲಿನ ಗೆರೆಯೂ ಒಂದರ ಮೇಲೊಂದು ಬಂದು ಕೂತವು.

ಓಬಳೇಶ ಪರದೆಯ ಹತ್ತಿರ ಬಗ್ಗಿ ನೋಡಿದರು. ಈ ಕಲ್ಲು ಯಾವ ಊರಿನ ಸರಕು ಗೊತ್ತೇ ಎಂದು ಕೇಳಿದರು. ಸಂಡೂರಿನ ಗುಡ್ಡದ್ದು, ಗೋವೆಯ ಬಂದರಲ್ಲಿ ತುಂಬಿ ಬೆಲ್ಜಿಯಂಗೆ ಇಳಿಸಿದ್ದು ಎಂದು ಅಜ್ಜಿ ಹೇಳುತ್ತಿದ್ದಳೆಂದರು ಮಾದೇವಿ.

"ನಮ್ಮ ಮುತ್ತಜ್ಜಿ ಆ ಗಣಿಯಾಗ ಕಲ್ಲು ಒಡೀತಿದ್ಲಮ್ಮ. ಸುತ್ತಿಗೆ ಹಿಡಿದು ಹಿಡಿದು ಬೆರಳೆಲ್ಲ ಸೊಟ್ಟ ಆಗಿದ್ವು," ಎಂದರು ಓಬಳೇಶ. "ನಮ್ಮೋರು ಒಡೆದ್ರು, ನಿಮ್ಮೋರು ಹೊತ್ರು. ಅದೇ ತಿರುಗಿ ಬಂದು ಬಡೀತು."

ತನ್ನ ಊರಿನ ಗುಡ್ಡದ ಮಾದರಿಯನ್ನೇ ಅವರು ಸಂಗ್ರಹಕ್ಕೆ ಸೇರಿಸಿರಲಿಲ್ಲ. ಯುರೋಪಿನ ತೋಪಿಗೆ ಸಂಡೂರು ಏತಕ್ಕೆ ಎಂದುಕೊಂಡಿದ್ದರು.

ಕಲ್ಲು ತಂದ ಜಟ್ಟಿಯ ಕತೆಯನ್ನು ಓಬಳೇಶ ಪ್ರತಿನಿಧಿಗಳ ಭಾಷೆಯಲ್ಲಿ ಹೇಳಿದರು. ಅವರಿಗೆ ಈಗ ಉತ್ಸಾಹ ಬಂತು. ನಿಯಮದ ಪ್ರಕಾರ ಮೂಲ ಸಿಕ್ಕಿದೆ. ಭಾರತದ ಪ್ರತಿನಿಧಿ ಎಂದರೆ ರಾಯಭಾರ ಕಚೇರಿಯಿಂದ ಬಂದಿದ್ದ ಒಬ್ಬ ಅಧಿಕಾರಿ. ಆಗ ನಾವು ಸ್ವತಂತ್ರರಾಗಿರಲಿಲ್ಲ, ನಾನು ನಿಲ್ಲಲಾರೆ ಎಂದು ಅವರೂ ದೂರ ಹೋದರು. ಒಪ್ಪಂದದವರಿಗೆ ಅದರ ಚಿಂತೆಯಿರಲಿಲ್ಲ. ಕಂಪ್ಯೂಟರು ಆ ವಿವರಗಳನ್ನೇ ಫಲಕದಲ್ಲಿ ಕೊರೆಯಿತು. ಅರ್ಧ ಗಂಟೆಯಲ್ಲಿ ಬಿಳಿಕಲ್ಲಿನ ಹಲಗೆ ಬಂದು ನಿಂತಿತು. ಓಬಳೇಶ ಓದಿ ಹೇಳಿದರು. ಮೂಲ: ಸಂಡೂರು ಗುಡ್ಡ, ಭಾರತ. ಹೊತ್ತು ತಂದವನು: ಜಟ್ಟಿ ಹರಿಕಂತ್ರ. ಅದರ ಕೆಳಗೆ ಕೊಲ್ಲಲ್ಪಟ್ಟವರು. ಬಿಳಿಯರ ಹೆಸರು ಆರು. ಕೊನೆಯ ಸಾಲು: ದೇಶೀ ನಾವಿಕರು, ಹನ್ನೊಂದು.

ತೊಂಬತ್ತು ವರ್ಷಗಳ ಮೇಲೆ ಅಜ್ಜನ ಹೆಸರು ಬಂದಿತ್ತು. ಕೊಂದವರ ಸಾಲಿನಲ್ಲಿ ಬಂದಿತ್ತು.

ಮಾದೇವಿ ಕೋಟನ್ನು ಕಳಚಿ ಕುರ್ಚಿಯ ಮೇಲೆಸೆದರು. ತೋಪಿನ ಮೇಲಿದ್ದ ಕಲ್ಲನ್ನು ತೆಗೆದುಕೊಂಡು ಫಲಕದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಕೈ ಅದು. ಆ ಕಲ್ಲು ಸೀಮೆಸುಣ್ಣದ ಹಾಗೆ ಗೀರುತ್ತದೆ, ಕಪ್ಪಗೆ. ಬಾಲ್ಯದಲ್ಲಿ ಅಜ್ಜಿ ಅವರಿಗೆ ಅಕ್ಷರ ತಿದ್ದಿಸಿದ್ದು ಅದರಿಂದಲೇ. ಹನ್ನೊಂದು ಎಂಬ ಸಾಲಿನ ಕೆಳಗೆ ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ ಬರೆದರು: ಜಟ್ಟಿ ಹರಿಕಂತ್ರ. ಆಮೇಲೆ ಅಜ್ಜನ ಜೊತೆಗೆ ಅದೇ ಕಡೆಯಿಂದ ಹಡಗು ಹತ್ತಿದ್ದ ಉಳಿದವರ ಹೆಸರು, ಅಜ್ಜಿ ದಿನವೂ ದೀಪ ಹಚ್ಚುವಾಗ ಹೇಳುತ್ತಿದ್ದದ್ದು. ತಿಮ್ಮ. ಬೀರ. ಹಸನ್ ಸಾಬ್. ಅಂತೋನ್. ಬರೆಯುತ್ತ ಒಂದೊಂದನ್ನೂ ಗಟ್ಟಿಯಾಗಿ ಹೇಳಿದರು, ಮೀನುಪೇಟೆಯ ದನಿಯಲ್ಲಿ. ಕಾವಲಿನವನೊಬ್ಬ ಒದ್ದೆ ಬಟ್ಟೆ ತಂದು ತಿಕ್ಕಿದ. ಆ ಕಪ್ಪು ಬಿಳಿಕಲ್ಲಿನ ರಂಧ್ರಗಳಿಗೆ ಇಳಿದಿತ್ತು. ಅವನ ಬಟ್ಟೆಯೇ ಕಪ್ಪಾಯಿತು.

ಹನ್ನೊಂದೂ ಮುಗಿದವು. ಓಬಳೇಶ ಪ್ರತಿನಿಧಿಗಳ ಕಡೆ ತಿರುಗಿಯೂ ನೋಡದೆ ಫಲಕದ ಮುಂದೆ ಬಂದು ನಿಂತರು. "ಇದು ನಮ್ಮಿಂದ ಆಯ್ತು. ಹಿಂದೆ ನಿಂತೋರಿಂದ್ಲೂ ಆಯ್ತು," ಎಂದರು.

ಮಾದೇವಿ ಚೀಲದಿಂದ ಹಸಿರು ಬಳೆಗಳನ್ನು ತೆಗೆದರು. "ಹೆಸರು ಬಂತು ಅಜ್ಜಿ. ನಾವೇ ಬರಕಂಡ್ವು," ಎಂದು ತೋಪಿನ ಬಾಯಿಗೆ ಹೊಡೆದರು. ಚೂರುಗಳು ನಳಿಗೆಯೊಳಗೆ ಉದುರಿದವು.

ಆರಿಸದೆ ಬಿಟ್ಟಿದ್ದ ಯಂತ್ರ ಮೆಲ್ಲಗೆ ಅತ್ತ ಸರಿದು ಒಂದು ಗಾಜಿನ ಚೂರಿನ ಮೇಲೆ ಹತ್ತಿ, ಟಿಕ್ ಟಿಕ್ ಎಂದು ಬಹಳ ಹೊತ್ತು ನೋಡಿತು. ಪರದೆಯಲ್ಲಿ ಅಕ್ಷರ ಮೂಡಿತು: ಮೂಲ ತಿಳಿಯದು.